ಮೂರನೇ ಮೂಟೆ

ಪುಣೆ
೧೯ ನವೆಂಬರ್ ೨೦೦೫, ಶನಿವಾರ
ಕ್ಯಾಸೆಟ್ಟಿನ ಒಂದನೇ ಮಗ್ಗುಲು

ಅವ್ವಾ, ನಾನು ಕಣವ್ವ, ಆಶಾರಾಣಿ. ಗಾಬ್ರಿ ಆಗ್ಬ್ಯಾಡ, ಮೈಗೇನೂ ಆಗಿಲ್ಲ. ಕಾಗ್ದ ಬರುದ್ರೆ ಓದ್ಸಕ್ಕೆ ಯಾರ್ನಾರ ಕರೀತೀಯ. ಫೋನ್ ಮಾಡುದ್ರೆ ಹೋಟ್ಲು ಮುಂದೆ ನಿಂತ್ಕಂಡು ಅರ್ಧ ಹಿರೀಸಾವೆಗೆ ಕೇಳಂಗೆ ಕೂಗ್ತೀಯ. ಇದು ಇನ್ನೊಬ್ರ ಕೈಲಿ ಓದ್ಸೋ ವಿಚಾರ ಅಲ್ಲ, ಕೂಗೋ ವಿಚಾರಾನೂ ಅಲ್ಲ. ಅದ್ಕೇ ಟೇಪ್‌ರೆಕಾರ್ಡರ್ ಮುಂದೆ ಕೂತಿವ್ನಿ. ಪಾಪಯ್ಯ ಮಾವ ಎಳನೀರು ಲೋಡ್ ಇಳ್ಸಿ ಮಂಗಳವಾರ ವಾಪಸ್ ಹೊರಡ್ತಾನೆ, ಅವನ ಲಾರೀಲೇ ಕಳಿಸ್ತೀನಿ. ನಿನ್ ಹರಿಕತೆ ಕ್ಯಾಸೆಟ್ ತೆಗ್ದು ಇದ್ನ ಆಕ್ಕಂಡು ಕೇಳು. ಅಪ್ಪ ಜೊತೇಲಿ ಕೂತ್ರೆ ಕೂರ್ಲಿ. ಇನ್ಯಾರೂ ಬ್ಯಾಡ.

ಇವತ್ತು ಲ್ಯಾಬಲ್ಲಿ ರಾತ್ರಿ ಪಾಳಿ ನಂದು. ಎಣ್ಣೆ ಬಾಣ್ಲೀಲಿ ಗಾಜಿನ ಬುರುಡೆ ಇಟ್ಟು ಹನ್ನೆರಡು ಗಂಟೆ ಬಿಸಿ ಮಾಡ್ಬೇಕು. ಶಾಖ ಏರ್ಲೂಬಾರ್ದು, ಇಳೀಲೂಬಾರ್ದು. ಮಧ್ಯೆ ಮಾತು ನಿಂತ್ರೆ ನಾನು ಅದನ್ನ ನೋಡಕ್ಕೆ ಎದ್ದೋಗಿವ್ನಿ ಅನ್ಕೋ. ಸುಸ್ತಾಗೈತೆ ಕಣವ್ವ. ಕೆಲ್ಸದ ಸುಸ್ತು ಅಲ್ಲ. ಗದ್ದೆ ನಾಟಿ ಮಾಡಿ ಬಂದ್ರೂ ನಿದ್ದೆ ಬತ್ತದೆ, ಇದು ನಿದ್ದೆ ಬರ್ದೇ ಇರೋ ಸುಸ್ತು.

ನಾನೇನು ಕೆಲ್ಸ ಮಾಡ್ತೀನಿ ಅಂತ ನೀನು ಮೂರು ಸಲ ಕೇಳಿದ್ದೆ, ಮೂರು ಸಲಾನೂ ನಾನು ಸಿಡುಕ್ದೆ. ಈಗ ಹೇಳ್ತೀನಿ ಕೇಳು. ನಿಂಗೆ ಗೊತ್ತಿರೋದೇ. ಜೋಳದ ಕಡ್ಡಿ ಐತಲ್ಲ, ಅದ್ರಲ್ಲಿ ನಾರು ಐತೆ, ನಾರನ್ನ ಹಿಡ್ಕಂಡಿರೋ ಅಂಟು ಐತೆ. ಅಂಟು ಬಿಡ್ಸುದ್ರೆ ನಾರಿನಿಂದ ಸಕ್ಕರೆ ತೆಗೀಬೋದು, ಸಕ್ಕರೆ ಹುಳಿ ಬರ್ಸುದ್ರೆ ಗಾಡಿ ಓಡ್ಸೋ ಸ್ಪಿರಿಟ್ಟು. ಆ ಅಂಟನ್ನೂ ಬಿಸಾಕಂಗಿಲ್ಲ, ಅದ್ರಿಂದ್ಲೂ ಬ್ಯಾರೆ ಸಾಮಾನು ಮಾಡ್ತಾರೆ. ಆದ್ರೆ ಅಂಟು ಬಿಡ್ಸೋದೇ ಕಷ್ಟ. ಎಲ್ರೂ ಆಸಿಡ್ ಆಕಿ ಬೇಯಿಸ್ತಾರೆ. ಆಮೇಲೆ ಆ ನೀರು ಎಲ್ಲಿಗೋಯ್ತದೆ? ಹೊಳೆಗೆ. ಮೀನೂ ಇಲ್ಲ, ದನ ಬಾಯಿ ಇಡಂಗೂ ಇಲ್ಲ.

ಅದಿಲ್ದೇ ಮಾಡ್ಬೇಕು ಅನ್ನೋದು ನಮ್ ಸಾರ್ ಹಟ. ಸಂಪತ್ಕುಮಾರ್ ಸಾರು, ನಮ್ ಹೊಳೆನರಸೀಪುರದೋರೇ. ಗದ್ದೆಗೆ ಆಕೋ ಯೂರಿಯಾ, ಕೋಳಿ ಮೇವಿಗೆ ಬೆರ್ಸೋ ಒಂಥರಾ ಉಪ್ಪು, ಎರಡೂ ಪುಡಿ. ಎರಡ್ನೂ ಕಲ್ಸಿ ಒಂಚೂರು ಬೆಚ್ಚಗೆ ಮಾಡು, ಒಂದ್ ಹನಿ ನೀರು ಆಕ್ದಂಗೇ ನೀರಾಗೋಯ್ತದೆ. ನಾನು ಮೊದಲ್ನೇ ಸಲ ನೋಡ್ದಾಗ ಬಾಯಿ ಬಿಟ್ಕಂಡು ನಿಂತಿದ್ದೆ. ಆ ದ್ರಾವಣದಲ್ಲಿ ಕಡ್ಡಿ ಪುಡಿ ಬೇಯ್ಸೋದು. ಆವಿಯಾಗಿ ಓಗಲ್ಲ, ಬೆಂಕಿ ಹತ್ಕೊಳಲ್ಲ, ತೊಳ್ದು ಮತ್ತೆ ಅದನ್ನೇ ಬಳಸ್ಬೋದು. ಯೂರಿಯಾ ತಿಂದ್ರೆ ದನ ಸಾಯ್ತದಲ್ಲೇ ಅಂತ ನೀನು ಈಗ ಅಂತೀಯ. ತಿನ್ನೋದಲ್ಲ ಕಣವ್ವ. ಹೊಳೆಗೆ ಬಿಡೋದೂ ಅಲ್ಲ.

ಇಲ್ಲಿಗೆ ಬರೋಕ್ ಮುಂಚೆ ನಾನು ಎಲ್ಲೂ ನಿಲ್ಲಲಿಲ್ಲ. ಹಾಸನದ ಔಷಧಿ ಕಂಪ್ನಿ ಎಂಟು ತಿಂಗ್ಳು, ಹೈದ್ರಾಬಾದು ಒಂದು ವರ್ಷ, ಆಮೇಲೆ ವಾಪಿ ಅಂತ ಒಂದೂರು. ನಿನ್ ಕಾಲಲ್ಲಿ ಚಕ್ರ ಐತೆ ಕಣೇ ಅಂತ ನೀನೇ ಅಂತಿದ್ದೆ. ಇಲ್ಲಿ ಮಾತ್ರ ನಿಲ್ಬೇಕು ಅನ್ನುಸ್ತು. ಯಾಕಂದ್ರೆ ಇಲ್ಲಿ ನನ್ ಕೆಲ್ಸಕ್ಕೆ ನಮ್ಮನೆ ವಾಸನೆ ಇತ್ತು. ಸಾರು ಒಂದಿನ ಜೋಳದ ಕಡ್ಡಿ ಬೇಕಲ್ಲಮ್ಮ ಅಂದ್ರು, ನಮ್ಮವ್ವಂಗೆ ಹೇಳ್ತೀನಿ ಸಾ ಅಂದೆ. ಹೋದ್ವರ್ಷ ಕಾರ್ತೀಕದಲ್ಲಿ ಪಾಪಯ್ಯ ಮಾವನ ಲಾರೀಲಿ ಮೊದಲ್ನೇ ಮೂಟೆ ಬಂತು.

ಆ ಮೂಟೆ ಬಿಚ್ಚುದ್ರೆ ನಿನ್ ಸೀರೆ ವಾಸನೆ ಬಂತವ್ವ. ಕಣ್ಣಲ್ಲಿ ನೀರು ಬಂತು. ಅಷ್ಟೇ ಬಂದಿದ್ದು, ತಲೆ ಓಡ್ಲಿಲ್ಲ.

ಮೂಟೆ ಪುಡಿ ಮಾಡಿ ಬೇಯ್ಸುದ್ರೆ ಅಂಟು ಬಿಟ್ಟಿದ್ದು ನೋಡಿ ಸಾರೇ ಎರಡು ಸಲ ಅಳತೆ ಮಾಡ್ಸುದ್ರು. ನೂರಕ್ಕೆ ಎಪ್ಪತ್ತು ಪಾಲು ಸಕ್ಕರೆ ಬಂತು. ಇಲ್ಲಿ ಪುಣೆ ಮಾರ್ಕೆಟ್ನಿಂದ ತಂದ ಕಡ್ಡೀಲಿ ಇಪ್ಪತ್ತೂ ಬಂದಿರ್ಲಿಲ್ಲ. ಇದು ಹಿರೀಸಾವೆ ಮಣ್ಣಿನ ಗುಣ ಕಣಮ್ಮ ಅಂದ್ರು ಸಾರು. ನಿನ್ನ ಹೆಸ್ರು ಕೇಳುದ್ರು, ಸುಬ್ಬಮ್ಮ ಅಂದೆ. ಶಿವರಾತ್ರಿಗೆ ಎರಡ್ನೇ ಮೂಟೆ ಬಂತು, ಅದೂ ಅಂಗೇ. ಸಾರು ಲೇಖನ ಬರ್ದು ಹೊರದೇಶದ ಪತ್ರಿಕೆಗೆ ಕಳಿಸುದ್ರು. ಅದ್ರಲ್ಲಿ ಹಿರೀಸಾವೆ ಅಂತ ಊರ ಹೆಸ್ರು ಆಕವ್ರೆ. ನಾನು ಫೋನಲ್ಲಿ ಹೇಳ್ದಾಗ ನೀನು ಇಡೀ ಬಸ್‌ಸ್ಟಾಂಡಿಗೆ ನಮ್ ಕಡ್ಡೀಲಿ ಗಾಡಿ ಓಡ್ತದಂತೆ ಅಂತ ಸಾರ್ದೆ. ಜನವರಿಗೆ ನನ್ನನ್ನ ಡಾಕ್ಟರ್ ಪದವಿಗೆ ಸೇರುಸ್ಕೋತೀನಿ ಅಂತಲೂ ಸಾರು ಅಂದ್ರು. ಅದು ಇನ್ನೂ ನಿಂಗೆ ಹೇಳಿರ್ಲಿಲ್ಲ. ಆಗಲಿ, ಆಮೇಲೆ ಹೇಳಣ ಅಂತಿದ್ದೆ.

ತಡಿ, ಬಾಣ್ಲಿ ನೋಡ್ಬರ್ತೀನಿ.

ಹ್ಞೂಂ. ಎಲ್ಲಿದ್ದೆ? ಮೂರ್ನೇ ಮೂಟೆ. ಅದು ಬಂದಿದ್ದು ಶ್ರಾವಣದಲ್ಲಿ. ಅಷ್ಟೊತ್ತಿಗೆ ನಾನು ಲೇಖನದ ಕೆಲ್ಸಕ್ಕೆ ಬಿದ್ದಿದ್ದೆ, ಮೂಟೆ ಕೇದಾರ್ ಕೈಗೆ ಓಯ್ತು. ಕೇದಾರ್ ಯಾರು ಅಂದ್ರೆ ಹಾಸನದ ಹುಡ್ಗ, ಅವರಪ್ಪ ಸಂಸ್ಕೃತ ಮೇಷ್ಟ್ರು. ನನಗಿಂತ ಎರಡು ವರ್ಷ ಚಿಕ್ಕೋನು, ಆಶಕ್ಕ ಆಶಕ್ಕ ಅಂತ ಹಿಂದ್ಮುಂದೆ ಸುತ್ತಾನೆ. ಮೊದ್ಲು ಎರಡು ಮೂಟೆ ಬಂದಾಗ ನಿಮ್ಮಮ್ಮ ಕಡ್ಡಿಗೆ ಮಂತ್ರ ಗಿಂತ್ರ ಹಾಕ್ತಾರಾ ಆಶಕ್ಕ, ನಮ್ಮಪ್ಪನಿಗೂ ಬರದೇ ಇರೋ ಮಂತ್ರ ಅಂತ ನಗ್ತಿದ್ದ. ಮೂರ್ನೇ ಮೂಟೆ ಬಿಚ್ಚಿದವ್ನೇ, ಇದ್ಯಾಕೋ ಕಪ್ಪಗಿದೆಯಲ್ಲ ಆಶಕ್ಕ ಅಂದ. ಮಳೆ ಕಾಲ, ಬಿಸ್ಲು ಸಾಲ್ದೇ ಅಂಗಾಗೈತೆ, ಸುಮ್ನೆ ಮಾಡು ಅಂದೆ ನಾನು.

ಬರ್ಲಿಲ್ಲ ಅವ್ವ. ಇಪ್ಪತ್ತೆರಡು ಪಾಲು. ಇನ್ನೊಂದ್ಸಲ ಮಾಡ್ದ, ಇಪ್ಪತ್ತು. ದಸರಾ ರಜಕ್ಕೂ ಮನೆಗೋಗ್ದೆ ಇಲ್ಲೇ ಬಿದ್ದಿದ್ದು ಮಾಡ್ದ, ಇಪ್ಪತ್ತೊಂದು. ಅದೇ ಕಡ್ಡಿ, ಅದೇ ಯೂರಿಯಾ, ಅದೇ ಬಾಣ್ಲಿ. ಅಂದ್ಮೇಲೆ ತಪ್ಪು ಕೈಯಿಂದು ತಾನೇ? ಅವ್ನು ಬುರುಡೆ ಸರಿಯಾಗಿ ತೊಳೆಯಲ್ಲ, ಹಿಂದಿನ ಸೋಪು ಉಳ್ಕೊಂಡಿರ್ತದೆ ಅಂತ ಯಾರೋ ಸಾರ್ ಕಿವೀಗೆ ಆಕುದ್ರು. ಸಾರು ಎಲ್ರ ಮುಂದೇನೇ, ಪಾತ್ರೆ ತೊಳೆಯೋಕೆ ಬರದವರು ರಸಾಯನ ಶಾಸ್ತ್ರಕ್ಕೆ ಯಾಕಪ್ಪ ಬರ್ತೀರಿ ಅಂದ್ಬುಟ್ರು. ಈ ತಿಂಗ್ಳಿಗೆ ಕೆಲ್ಸ ಸಾಕು ಅಂತ ಅವ್ನಿಗೆ ಹೇಳವ್ರೆ. ಬರೋ ಬುಧವಾರ ಅವ್ನು ಹೊರಡೋದು.

ಈಗ ಆ ಫೋನಿಗೆ ಬತ್ತೀನಿ. ದೀಪಾವಳಿ ಹಬ್ಬ ಆಗಿ ಒಂದು ವಾರಕ್ಕೆ ನಿಂಗೆ ಫೋನ್ ಮಾಡಿದ್ನಲ್ಲ? ಗ್ಯಾಸ್ ಒಲೆ ಎಂಗೈತವ್ವ ಅಂತ ಕೇಳ್ದೆ. ಯುಗಾದಿಗೆ ನಾನೇ ಕೊಡ್ಸಿದ್ದು ತಾನೇ, ಅದ್ರ ಸುದ್ದಿ ಕೇಳೋದೇ ಒಂದು ಖುಷಿ ನಂಗೆ. ಚೆನ್ನಾಗೈತೆ ಕಣೆ, ಹೊಗೆ ಇಲ್ಲ, ಕಣ್ಣುರಿ ಇಲ್ಲ, ಆದ್ರೆ ಒಲೇಲಿ ಒಂದ್ ಹಿಡಿ ಬೂದಿ ಹುಟ್ಟಲ್ಲ ನೋಡು ಅಂತ ನೀನಂದೆ. ಅದ್ಕೇ ಮೂರ್ನೇ ಮೂಟೆ ಬರೀ ನೀರಲ್ಲಿ ತೊಳ್ದೆ, ಮೊದಲೆರಡರಂಗೆ ಬೂದಿನೀರಲ್ಲಿ ನೆನಾಕಕ್ಕೆ ಆಗ್ಲೇ ಇಲ್ಲ, ಕೊಳೆಯಾಗಿತ್ತೇನೋ, ನಿಮ್ ಸಾರು ಬೇಜಾರ್ ಮಾಡ್ಕಂಡ್ರಾ ಅಂತ ಕೇಳ್ದೆ.

ನಾನು ಏನು ಅಂದೆ? ನೆಪ್ಪೈತಾ? ಇಲ್ಲ ಬಿಡವ್ವ ಅಂದೆ. ಆಮೇಲೆ, ಯಾಕವ್ವ ಕಡ್ಡೀನ ತೊಳ್ದೆ ಅಂದೆ. ಅಯ್ಯೋ, ದೊಡ್ಡೋರ ಜಾಗಕ್ಕೆ ಓಗೋ ಪದಾರ್ಥ, ಸಗಣಿ ಧೂಳು ಮೆತ್ಕಂಡಿರೋದ್ನ ಕಳ್ಸಕ್ಕಾಯ್ತದಾ, ಮಗಳು ಮರ್ಯಾದೆ ಏನಾಗ್ಬೇಕು ಅಂತ ನೀನಂದೆ. ನಮ್ ಅರಕಲಗೂಡಲ್ಲಿ ಹೊಗೆಸೊಪ್ಪು ಕಿತ್ತ ಸೀರೆ ಅಂಟು ಯಾವ ಸೋಪಿಗೂ ಬಿಡ್ತಿರ್ಲಿಲ್ಲ, ನಮ್ಮವ್ವ ಬೂದಿನೀರಲ್ಲಿ ಮೂರು ದಿನ ನೆನಾಕೋಳು, ಗಿಡದ ಅಂಟಿಗೆ ಬೂದೀನೇ ಮದ್ದು ಅಂದೆ. ಹಿಂದೆ ಅಪ್ಪ ಕೂಗ್ತಾ ಇದ್ರು, ಒಲೆಗಾಕೋ ಕಡ್ಡಿಗೆ ನೀರುಯ್ದು ಬಿಸ್ಲಿಗೆ ಮಲಗ್ಸುದ್ಲು ಕಣಮ್ಮೋ, ಬಾಣಂತನ ಒಂದು ಬಾಕಿ ಅಂತ. ನೀನು ನಗ್ತಿದ್ದೆ. ನಾನೂ ನಕ್ಕೆ. ಫೋನ್ ಇಟ್ಟು ಬೂತಿನ ಮುಂದೆ ಇರೋ ಕಟ್ಟೆ ಮೇಲೆ ಕೂತ್ಬುಟ್ಟೆ.

ಅರ್ಥ ಆಯ್ತಾ ಅವ್ವ? ಅಂಟು ಬಿಡ್ಸಿದ್ದು ಸಾರ್ ದ್ರಾವಣ ಅಲ್ಲ. ಅರ್ಧಕ್ಕರ್ಧ ಕೆಲ್ಸ ನಿನ್ ಬೂದಿನೀರು ಮುಗ್ಸಿತ್ತು. ಮಣ್ಣಿನ ಗುಣಾನೂ ಅಲ್ಲ, ಏನೂ ಅಲ್ಲ. ಆ ಸೀರೆ ವಾಸನೆ ಬೂದಿದು. ಕೇದಾರ್ ಕೈಲಿ ಯಾವ ತಪ್ಪೂ ಆಗಿಲ್ಲ. ಅವ್ನು ಮಾಡಿದ್ದೇ ಸರಿಯಾದ್ದು, ನಂದೇ ಸುಳ್ಳು.

ನಿನ್ ತಪ್ಪೂ ಅಲ್ಲ. ತೊಳೀಬ್ಯಾಡ ಅಂತ ನಾನು ಹೇಳಿರ್ಲಿಲ್ಲ. ತೊಳೀತೀಯ ಅಂತ ನಂಗೆ ಅನ್ನಿಸ್ಬೇಕಾಗಿತ್ತು. ನೆಂಟ್ರ ಮನೆಗೆ ಕುಂಬ್ಳಕಾಯಿ ಕಳ್ಸುದ್ರೂ ಒರ್ಸಿ ಕಳ್ಸೋಳಲ್ವಾ ನೀನು.

ಹನ್ನೊಂದು ದಿನ ಆಯ್ತು ನಂಗೆ ಗೊತ್ತಾಗಿ. ಹನ್ನೊಂದು ದಿನದಿಂದ ಕೇದಾರ್ ಪಕ್ಕದ ಮೇಜಲ್ಲೇ ಕೂತು ಪುಸ್ತಕ ಎತ್ತಿಡ್ತಾವ್ನೆ, ನಾನು ನೋಡ್ತಾ ಇವ್ನಿ. ಹೇಳುದ್ರೆ ಲೇಖನ ಬಿತ್ತು. ಲೇಖನ ಬಿದ್ರೆ ಜನವರಿ ಸೀಟೂ ಇಲ್ಲ, ಮತ್ತೆ ಚೀಲ ಹೆಗಲಿಗಾಕಿ ಇನ್ನೊಂದೂರು. ಸಾಕಾಗೈತವ್ವ ನಂಗೆ ಊರು ಬದ್ಲಾಯ್ಸಿ. ಹೇಳ್ದೇ ಇದ್ರೆ ಆ ಹುಡ್ಗ ಹಾಸನಕ್ಕೋಗಿ ಅವರಪ್ಪಂಗೆ ಏನು ಹೇಳ್ತಾನೆ? ಪಾತ್ರೆ ತೊಳೆಯಕ್ಕೆ ಬರಲ್ಲ ಅಂದ್ರು ಅಂತಾನಾ?

ಅದ್ಕೇ ಒಂದು ಯೋಚ್ನೆ ಮಾಡಿವ್ನಿ. ಇದು ನಿಮ್ಮಿಬ್ರಲ್ಲೇ ಇರ್ಲಿ. ಈ ವರ್ಷದ ಕಡ್ಡಿ ಒಂದು ಮೂಟೆ, ಎಲ್ಲಾರ ಬೂದಿ ಕೇಳಿ ಇಸ್ಕಂಡು ಮೊದಲಿನಂಗೇ ನೆನಾಕಿ ತೊಳ್ದು ಒಣಗ್ಸಿ ಕಳ್ಸು. ನಾನೇ ಮಾಡ್ತೀನಿ, ಎಪ್ಪತ್ತು ಬತ್ತದೆ. ಮೂರ್ನೇ ಮೂಟೆ ಮಳೇಲಿ ಕೆಟ್ಟಿತ್ತು ಸಾ, ಕೇದಾರ್ ತಪ್ಪಲ್ಲ ಅಂತ ಹೇಳಿ ಅವನನ್ನೂ ಉಳ್ಸಬೋದು. ಇಬ್ರೂ ಉಳ್ಕೋತೀವಿ. ಯಾರಿಗೆ ನಷ್ಟ, ಹೇಳು? ಪಾಪಯ್ಯ ಮಾವಂಗೂ ಬೂದಿ ವಿಚಾರ ಬಾಯ್ಬಿಡ್ಬ್ಯಾಡ.

ಇಷ್ಟು ಹೇಳಿ ನಂಗೇ ನನ್ ದನಿ ಬ್ಯಾರೆ ಯಾರ್ದೋ ಥರ ಕೇಳ್ತೈತೆ. ಟೇಪು ಮುಗೀತಾ ಬಂತು. ನಿನ್ ಮಗಳು ಅಂತ ಹೇಳ್ಕಳಕ್ಕೆ ಇವತ್ತು ಒಂಥರಾ ಆಯ್ತದೆ, ಆದ್ರೂ ನಿನ್ ಮಗಳೇ,

ಆಶಾರಾಣಿ

೨೧ ನವೆಂಬರ್, ಸೋಮವಾರ
ಇನ್ನೊಂದು ಮಗ್ಗುಲು

ಅವ್ವಾ, ಆ ಕಡೆ ಕೇಳಿಯೇ ಕ್ಯಾಸೆಟ್ ತಿರುಗ್ಸಿರ್ತೀಯ. ಬೈಕಂಡೇ ತಿರುಗ್ಸಿರ್ತೀಯ ಅಂತಲೂ ಗೊತ್ತು. ಆ ಕಡೇದನ್ನ ಅಳಿಸ್ಬೋದಾಗಿತ್ತು, ಮೇಲೆ ಇನ್ನೊಂದ್ಸಲ ಮಾತಾಡುದ್ರೆ ಅಳುಸೋಯ್ತದೆ. ಅಳಿಸ್ಲಿಲ್ಲ. ನಾನು ಅಂಗೂ ಯೋಚ್ನೆ ಮಾಡಿದ್ದೆ ಅಂತ ನಿಂಗೆ ಗೊತ್ತಿರ್ಲಿ.

ಮೂಟೆ ಕಳಿಸ್ಬ್ಯಾಡ. ಅಂದ್ರೆ ಆ ಥರ ಕದ್ದು ಕಳಿಸ್ಬ್ಯಾಡ. ಹೇಳ್ಬುಟ್ಟೆ.

ನಿನ್ನೆ ಭಾನುವಾರ ರೂಮಲ್ಲಿ ಒಬ್ಳೇ ಬಟ್ಟೆ ಒಗೀತಾ ಕೂತಿದ್ದೆ. ಇಲ್ಲಿ ಪುಡಿ ಆಕಿ ನೆನಾಕ್ತೀವಿ. ಕೈ ಒಳಗೆ ಇಟ್ರೆ ಜಾರ್ತದಲ್ಲ, ಆಗ ನಿನ್ ಬೂದಿನೀರಿನ ತೊಟ್ಟಿ ನೆಪ್ಪಾಯ್ತು. ಈ ಹೆಂಗ್ಸು ಕಡ್ಡೀನ ಯಾಕೆ ತೊಳುದ್ಲು, ಮಗಳು ಕೆಲ್ಸದಲ್ಲಿ ಕೊಳೆ ಇರ್ಬಾರ್ದು ಅಂತ ತಾನೇ ಅನ್ನುಸ್ತು. ಅಷ್ಟೇ. ದೊಡ್ಡ ಧೈರ್ಯ ಏನೂ ಬರ್ಲಿಲ್ಲ ನಂಗೆ, ಸುಸ್ತಾಗಿ ಹೇಳಿದ್ದು. ಇನ್ನೊಂದು ದಿನ ಅದನ್ನ ಹೊತ್ಕಂಡಿರಕ್ಕೆ ಆಗ್ತಿರ್ಲಿಲ್ಲ.

ಬೆಳಗ್ಗೆ ಸಾರು ಬಂದ್ ತಕ್ಷಣ ಒಳಗೋಗಿ ನಿಂತ್ಕಂಡೆ. ಎಲ್ಲ ಹೇಳ್ದೆ. ಗ್ಯಾಸ್ ಒಲೆ, ಬೂದಿ, ಮೂರು ಮೂಟೆ, ನಿನ್ ಫೋನು. ಮುಗುದ್ಮೇಲೆ ಸಾರು, ನಿನಗೆ ಇದು ಎಷ್ಟು ದಿನದಿಂದ ಗೊತ್ತು ಅಂದ್ರು. ಹದಿಮೂರು ದಿನ ಸಾ ಅಂದೆ. ಹದಿಮೂರು ದಿನ, ಅಲ್ಲಿ ಆ ಹುಡುಗ ಟ್ರಂಕು ಕಟ್ಟಿದಾನಮ್ಮ ಅಂದ್ರು. ಬೈದಿದ್ರೆ ಚೆನ್ನಾಗಿತ್ತು. ಅಷ್ಟೇ ಅಂದ್ರು.

ಆಮೇಲೆ ಲೇಖನ ವಾಪಸ್ ತಗೊಳಕ್ಕೆ ನನ್ನ ಮುಂದೇನೇ ಕೂತು ಕಾಗ್ದ ಬರುದ್ರು. ಅವರಿಗೂ ಸಂಕಟ ಅವ್ವ. ಐದು ವರ್ಷದ ಕೆಲ್ಸ. ಜನವರಿ ಮಾತು ಈಗ ಬೇಡಮ್ಮ, ಮಾರ್ಚ್‌ವರೆಗೆ ಕೆಲಸ ಮಾಡು, ಆಮೇಲೆ ನೋಡೋಣ ಅಂದ್ರು. ನೋಡಣ ಅಂದ್ರೆ ಏನು ಅಂತ ನಂಗೆ ಗೊತ್ತು, ನಾಲ್ಕು ಊರು ನೋಡಿವ್ನಿ.

ಬಾಗ್ಲ ಹತ್ರ ಬಂದಿದ್ದೆ, ತಡಿ ಅಂದ್ರು. ಯಾವ ಬೂದಿ ಅಂದ್ರು.

ನಂಗೆ ಗೊತ್ತಿಲ್ಲ ಅವ್ವ. ತೆಂಗಿನ ಮಟ್ಟೆದಾ, ಗರಿದಾ, ಹುಣಸೆ ಸೌದೆದಾ? ಬೂದಿ ಎಷ್ಟಕ್ಕೆ ನೀರು ಎಷ್ಟು ಅಂದ್ರು. ಗೊತ್ತಿಲ್ಲ ಸಾ. ಬೂದಿ ಹಾಗೇ ಹಾಕ್ತಾರೋ, ನೀರು ಬಸಿದು ತಿಳಿ ಮಾತ್ರ ತಗೋತಾರೋ? ಬಟ್ಟೇಲಿ ಕಟ್ಟಿ ಬಸೀತಾಳೆ ಅನ್ಸುತ್ತೆ ಸಾ. ಅನ್ಸುತ್ತೆ ಅಂತ ಬರೆದುಕೊಳ್ಳೋಕಾಗುತ್ತಾ, ಎಂ.ಎಸ್ಸಿ. ಮಾಡಿದೀಯ, ನಿಮ್ಮ ತಾಯಿ ಬಚ್ಚಲಲ್ಲಿ ಏನು ಮಾಡ್ತಾರೆ ಅಂತ ಇಪ್ಪತ್ತಾರು ವರ್ಷದಲ್ಲಿ ಒಂದು ಸಲ ಕೂತು ನೋಡಲಿಲ್ವೇನಮ್ಮ ಅಂದ್ರು. ಬೈದಿದ್ರೆ ಚೆನ್ನಾಗಿತ್ತು ಅಂದ್ನಲ್ಲ, ಆಗ ಬೈದ್ರು. ಬೂದಿನೀರೂ ಹೊಳೆ ಕೆಡಿಸಲ್ಲ, ಅದನ್ನ ಮೊದಲು ಹಾಕಿ ಆಮೇಲೆ ನಮ್ಮದನ್ನ ಹಾಕಿದ್ರೆ ಏನಾಗುತ್ತೆ ಅಂತ ಸರಿಯಾಗಿ ನೋಡೋದಾದ್ರೂ ನೋಡಬೇಕಲ್ಲ ಅಂದ್ರು. ಅದ್ರಿಂದ ಏನಾರ ಆಯ್ತದೋ ಇಲ್ವೋ. ಆಸೆ ಇಟ್ಕಳೋಷ್ಟು ಶಕ್ತಿ ಈಗ ನಂಗಿಲ್ಲ.

ಕೇದಾರ್ ಓಗಲ್ಲ. ಸಾರೇ ಅವನ ಮೇಜಿನ ಹತ್ರ ಹೋಗಿ, ನಿನ್ನ ಮೂರು ಲೆಕ್ಕಾನೂ ಸರಿ ಇತ್ತಪ್ಪ, ತಪ್ಪು ನನ್ನದು ಅಂದ್ರು. ಎಲ್ರೂ ಕೇಳಂಗೇ ಅಂದ್ರು. ಅವ್ನು ಟ್ರಂಕಿಂದ ಪುಸ್ತಕ ವಾಪಸ್ ಜೋಡುಸ್ತಾ, ಆಶಕ್ಕ, ನನ್ನನ್ನ ಸೇರಿಸ್ಕೊಳೋ ಬದಲು ನಿಮ್ಮಮ್ಮನ್ನೇ ಸೇರಿಸ್ಕೋಬೇಕಿತ್ತು ಇವರು ಅಂದ. ಮೂರು ತಿಂಗ್ಳಾದ್ಮೇಲೆ ಅವ್ನು ತಮಾಷೆ ಮಾಡಿದ್ದು.

ಈಗ ನಿನ್ ಕೆಲ್ಸ. ಈ ಕ್ಯಾಸೆಟ್ ಜೊತೆ ಖಾಲಿ ಕ್ಯಾಸೆಟ್ ಒಂದು ಇಟ್ಟಿವ್ನಿ. ಅಪ್ಪ ಗುಂಡಿ ಒತ್ಲಿ, ನೀನು ಹೇಳು. ಯಾವ ಸೌದೆ ಬೂದಿ, ಎಷ್ಟು ಸೇರು, ಎಷ್ಟು ಬಿಂದ್ಗೆ ನೀರು, ಎಷ್ಟು ದಿನ, ಕೊನೇಲಿ ಎಷ್ಟು ಸಲ ಜಾಲಿಸ್ದೆ. ಅರಕಲಗೂಡಿನ ಅಜ್ಜಿ ಎಂಗೆ ಮಾಡೋಳು ಅನ್ನೋದೂ ಹೇಳು. ಅಪ್ಪ ಮಧ್ಯೆ ಬಾಯಾಕುದ್ರೆ ಆಕ್ಲಿ ಬಿಡು. ಆಮೇಲೆ ಎರಡು ಮೂಟೆ ಕಳ್ಸು. ಒಂದು ಹೊಲದಿಂದ ತಂದಂಗೇ, ಧೂಳು, ಸಗಣಿ ಎಲ್ಲ ಇರ್ಲಿ, ಕೈ ತಡ್ಕೋ. ಇನ್ನೊಂದು ಬೂದಿನೀರಿಂದು. ಅದ್ರ ಬಾಯಿಗೆ ಕೆಂಪು ದಾರ ಕಟ್ಟು. ಒಲೆ ಇಲ್ಲ ಅಂತ ಗ್ಯಾಸ್ ವಾಪಸ್ ಕೊಡಕ್ಕೋಗ್ಬ್ಯಾಡ, ಬೂದಿ ಯಾರ ಮನೇಲಾರ ಸಿಕ್ತದೆ. ಯಾರ ಮನೆದು, ಯಾವ ಸೌದೆದು ಅಂತ ಮಾತ್ರ ಹೇಳು.

ಬಸ್‌ಸ್ಟಾಂಡಲ್ಲಿ ಯಾರಾರ ಗಾಡಿ ಓಡ್ತಾ ಅಂತ ಕೇಳುದ್ರೆ, ಇನ್ನೂ ಇಲ್ಲ ಅನ್ನು. ತಲೆ ತಗ್ಸಬ್ಯಾಡ.

ನಿನ್ ಬಚ್ಚಲು ಮನೇಲಿ ಒಂದ್ಸಲಾನೂ ಕೂತು ನೋಡ್ದೇ ಇರೋ ಮಗಳು,

ಆಶಾರಾಣಿ

ಮರ್ತಿದ್ದು ಅಂತ ಹೇಳ್ಬೇಕು ಇದ್ನ, ಆದ್ರೆ ಮರ್ತಿರ್ಲಿಲ್ಲ. ಆ ಕಡೆ ಮಗ್ಗುಲಲ್ಲಿ, ಕೇದಾರ್ ಬುರುಡೆ ಸರಿಯಾಗಿ ತೊಳೆಯಲ್ಲ ಅಂತ ಯಾರೋ ಸಾರ್ ಕಿವೀಗೆ ಆಕುದ್ರು ಅಂದ್ನಲ್ಲ. ಆ ಯಾರೋ ನಾನೇ ಕಣವ್ವ. ಬೂದಿ ವಿಚಾರ ಗೊತ್ತಾಗೋಕ್ ಮುಂಚೆ ಅಂದಿದ್ದು. ನಿಜ ಅಂತಲೇ ಅನ್ಕಂಡು ಅಂದೆ. ಇಲ್ಲ, ಅದೂ ಸುಳ್ಳು. ನನ್ ಲೆಕ್ಕ ತಪ್ಪಿರಬೋದು ಅಂತ ಸಾರಿಗೆ ಅನ್ನಿಸ್ಬಾರ್ದು ಅಂತ ಅಂದೆ. ಬೆಳಗ್ಗೆ ಸಾರ್ ಮುಂದೆ ಎಲ್ಲ ಹೇಳ್ದೆ ಅಂದ್ನಲ್ಲ, ಇದೊಂದು ಹೇಳ್ಲಿಲ್ಲ. ಅವ್ರೂ ಎತ್ತಲಿಲ್ಲ. ಮಧ್ಯಾಹ್ನ ಕೇದಾರ್ ಬಂದು, ಬೇರೆ ಯಾರಾದ್ರೂ ಆಗಿದ್ರೆ ಹೇಳ್ತಿರಲಿಲ್ಲ ಆಶಕ್ಕ, ನೀವಾಗಿದ್ದಕ್ಕೆ ನಾನು ಉಳಿದೆ ಅಂದ. ನಾನು ಹ್ಞೂಂ ಅಂದೆ ಅವ್ವ. ಹ್ಞೂಂ ಅಂದ್ಬುಟ್ಟೆ.

ಈಗ ಬತ್ತಾವ್ನೆ. ಕೈಲಿ ಎರಡು ಲೋಟ ಟೀ ಐತೆ, ಕಾಲಲ್ಲಿ ಬಾಗ್ಲು ತಳ್ತಾವ್ನೆ. ಟೇಪು ನಿಲ್ಲಿಸ್ತೀನಿ, ಅವನಿಗೆ ಹೇಳ್ಬೇಕು.